ಕರಿಕೆ ರಸ್ತೆ ಮುಗಿಯುವ ತನಕ

ಅಕ್ಟೋಬರ್ 31. ಮಡಿಕೇರಿ – ಚೇರಂಬಾಣೆ – ಭಾಗಮಂಡಲ

ಕೊಡಗಿನ ಗಡಿಯೂರು ಕರಿಕೆಗೆ ಹೊರಟಿದ್ದೇವೆ ಅಂತ ಊರಿಗೆ ಗೊತ್ತಾದರೆ ಸಾಕು, ಕಾರಿನ ಡಿಕ್ಕಿ ತಾನೇ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಮಡಿಕೇರಿ ಬಿಡುವಾಗ ಅದರಲ್ಲಿ ಇದ್ದದ್ದು ನನ್ನದೊಂದು ಬ್ಯಾಗು, ಅತ್ತೆಗೆಂದು ಹುರಿಸಿ ಪುಡಿ ಮಾಡಿಸಿದ ಎರಡು ಕಿಲೋ ಕಾಫಿ ಪುಡಿ, ಅಷ್ಟೆ. ಚೇರಂಬಾಣೆಯಲ್ಲಿ ಅವ್ವನನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯವರು ಕಾಲು ಕಿಲೋ ಏಲಕ್ಕಿ ತಂದಿಟ್ಟರು. ಚೆಂಬೇರಿಗೆ ಕೊಟ್ಟ ಮಗಳು ಬಾಣಂತಿ. ಇನ್ನೊಬ್ಬರು ಮದುವೆ ಕರೆಯೋಲೆ ನಾಲ್ಕು ಕೊಟ್ಟರು, ಹೆಸರು ಬರೆದು ರಬ್ಬರ್ ಬ್ಯಾಂಡ್ ಹಾಕಿ. ಅವ್ವ ತಾನೇ ಕುದಿಸಿ ಇಳಿಸಿದ ಕಪ್ಪು ಹುಳಿರಸ ಕಾಚಂಪುಳಿಯ ಎರಡು ಬಾಟಲಿಗಳನ್ನು ಹಳೆ ಸೀರೆಯಲ್ಲಿ ಸುತ್ತಿ, ಯಾರ ಕೈಗೂ ಕೊಡದೆ ಕಾಲ ಬಳಿಯೇ ಇಟ್ಟುಕೊಂಡಳು.

ಅವ್ವನಿಗೆ 76. ಅಪ್ಪನ ಅಕ್ಕನನ್ನು ಕರಿಕೆಗೆ ಕೊಟ್ಟಿದ್ದರಿಂದ ಈ ರಸ್ತೆಯಲ್ಲಿ ಅವಳು ಓಡಾಡಿದ್ದಕ್ಕೆ ಲೆಕ್ಕವಿಲ್ಲ. ಆದರೆ ಪಾಣತ್ತೂರು ಪೇಟೆ ದಾಟಿ ಮುಂದೆ ಹೋದವಳಲ್ಲ. ಈ ಸಲ ಅತ್ತೆಯನ್ನು ನೋಡಲು ಹೋಗೋಣ ಅಂದಾಗ, ‘ಹಾಗೇ ಕಾಞಂಗಾಡ್‌ವರೆಗೂ ಹೋಗಿ ಬರೋಣವಾ?’ ಎಂದು ಅವಳೇ ಕೇಳಿದಳು. ಕಡಲು ನೋಡಬೇಕಾ ಅಂದೆ. ‘ಕಡಲು ಮಂಗಳೂರಲ್ಲಿ ನೋಡಿದ್ದೇನೆ. ನಮ್ಮ ರಸ್ತೆಯ ಕಡಲು ನೋಡಿಲ್ಲ.’

ನಮ್ಮ ರಸ್ತೆ ಅಂದರೆ ಇದು: ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಪಟ್ಟಿಘಾಟ್ ಕಾಡಿನೊಳಗೆ ಇಳಿದು ಕರಿಕೆಗೆ ಇನ್ನೊಂದು 30, ಆಮೇಲೆ ಚೆಂಬೇರಿಯಲ್ಲಿ ಕೇರಳದ ಗಡಿ ದಾಟಿ ಪಾಣತ್ತೂರು, ರಾಜಪುರಂ, ಕೊನೆಗೆ ಕಡಲ ಬದಿಯ ಕಾಞಂಗಾಡ್. ಕೊಡಗಿಗೆ ಕಡಲಿಲ್ಲ. ಆದರೆ ಕಡಲಿಗೆ ಇಳಿಯುವ ದಾರಿಗಳಿವೆ, ಅವುಗಳಲ್ಲಿ ಯಾರೂ ಹೆಚ್ಚು ಮಾತಾಡದ ದಾರಿ ಇದು.

ಮಾತಾಡಿದ್ದು ಒಮ್ಮೆ, 2018ರಲ್ಲಿ. ಮಡಿಕೇರಿಯಿಂದ ಇಳಿದು ಬಂದ ರಸ್ತೆ ತಾಳತ್ತಮನೆಯಲ್ಲಿ ಕವಲಾಗುತ್ತದೆ. ಒಂದು ಸಂಪಾಜೆ, ಸುಳ್ಯದ ಮೇಲೆ ಮಂಗಳೂರಿಗೆ ಹೋಗುವ ಹೆದ್ದಾರಿ. ಇನ್ನೊಂದು ಅಪ್ಪಂಗಳ, ಬೆಟ್ಟಗೇರಿ, ಚೇರಂಬಾಣೆ, ಚೆಟ್ಟಿಮಾನಿಯ ನಮ್ಮ ದಾರಿ. ಆ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಕಡೆ ಬೆಟ್ಟ ಜರಿದು ಹೆದ್ದಾರಿ ಮುಚ್ಚಿದಾಗ ಕರಿಕೆ ರಸ್ತೆಗೆ ‘ಬದಲಿ ಮಾರ್ಗ’ ಎಂಬ ಹೆಸರು ಬಂತು. ಮಂಗಳೂರಿಗೆ ಹೋಗುವ ಕಾರು, ಜೀಪುಗಳೆಲ್ಲ ನಮ್ಮ ಗದ್ದೆ ಬದಿಯಲ್ಲಿ ಸಾಲುಗಟ್ಟಿದವು. ಹೆದ್ದಾರಿ ಸರಿಹೋದ ಮೇಲೆ ಆ ಮಾತೂ ನಿಂತಿತು. ಬದಲಿ ಅನ್ನುವ ಪದ ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಕರಿಕೆಯವರಿಗೆ ತಾಲ್ಲೂಕು ಕಚೇರಿಗೆ, ಜಿಲ್ಲಾಸ್ಪತ್ರೆಗೆ ಬರಲು ತಮ್ಮ ಜಿಲ್ಲೆಯೊಳಗೆ ಇರುವುದು ಇದೊಂದೇ ದಾರಿ. ಇದಕ್ಕೆ ಬದಲಿ ಯಾವುದು?

ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರದ ಬೋರ್ಡು ಕಂಡಾಗ ಅವ್ವ ಪ್ರತಿ ಸಲ ಹೇಳುವ ಮಾತು ಹೇಳಿದಳು: ‘ಕಟ್ಟೆ ರೋಗ ಬರುವ ಮೊದಲು ನಮ್ಮ ಮಲೆಯಲ್ಲಿ ಎಷ್ಟು ಏಲಕ್ಕಿ ಇತ್ತು!’ ಗಿಡಹೇನು ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೊಯ್ಯುವ ವೈರಸ್ ಅದು. ಎಲೆಯಲ್ಲಿ ತಿಳಿ ಹಳದಿ ಗೀರು ಕಂಡರೆ ಬುಡ ಸಮೇತ ಕಿತ್ತು ಸುಡುವುದೊಂದೇ ದಾರಿ. ಹಾಗೆ ಕಿತ್ತ ಜಾಗಗಳಲ್ಲೇ ಈಗ ಕಾಫಿ, ಕರಿಮೆಣಸು. ಡಿಕ್ಕಿಯಲ್ಲಿರುವ ಕಾಲು ಕಿಲೋ ಏಲಕ್ಕಿಗೆ ಯಾಕೆ ಅಷ್ಟು ಬೆಲೆ ಅಂತ ಆಗ ಅರ್ಥವಾಗುತ್ತದೆ.

ಭಾಗಮಂಡಲ ತುಲಾ ಮಾಸದ ಜನದಿಂದ ತುಂಬಿತ್ತು. ಸಂಗಮದಲ್ಲಿ ಮುಳುಗೆದ್ದವರು, ಕೇಶ ಮುಂಡನ ಮಾಡಿಸಿದವರು, ಭಗಂಡೇಶ್ವರನ ತಾಮ್ರದ ಮಾಡಿನ ಕೆಳಗೆ ಒದ್ದೆ ಬಟ್ಟೆಯಲ್ಲೇ ಕುಳಿತವರು. ಮಳೆಗಾಲದಲ್ಲಿ ಕಾವೇರಿ, ಕನ್ನಿಕೆ ಎರಡೂ ಏರಿ ಇದೇ ಜಾಗದಲ್ಲಿ ರಸ್ತೆ ಮುಳುಗುತ್ತಿತ್ತು. ದೋಣಿ ಕಟ್ಟಿ ಜನರನ್ನು ದಾಟಿಸಿದ್ದನ್ನು ಎಷ್ಟೋ ವರ್ಷ ನೋಡಿದ್ದೇವೆ. ಈಗ ಮೇಲ್ಸೇತುವೆ ಆಗಿದೆ. ನಮ್ಮ ಹಳ್ಳಿಗೆ ಮೇಲ್ಸೇತುವೆ ಏಕೆ ಅಂದವರಿದ್ದರು. ಜುಲೈ ತಿಂಗಳಲ್ಲಿ ಜ್ವರದ ಮಗುವನ್ನು ಎತ್ತಿಕೊಂಡು ನೀರಿನ ಈಚೆ ದಡದಲ್ಲಿ ನಿಂತವರು ಯಾರೂ ಹಾಗೆ ಕೇಳುವುದಿಲ್ಲ.

ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಅಲ್ಲಿ ಡಿಕ್ಕಿಗೆ ಇನ್ನೊಂದು ಬಾಟಲಿ ಸೇರಿತು, ತುಡುವೆ ಜೇನು. ಚಿಕ್ಕಪ್ಪ ಪೆಟ್ಟಿಗೆಯಲ್ಲಿ ಜೇನು ಸಾಕುವವರು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಮರಿಗಳು ಚೀಲದಂತೆ ಊದಿ ಸತ್ತು, ಅವರ ಪೆಟ್ಟಿಗೆಗಳೆಲ್ಲ ಖಾಲಿಯಾಗಿದ್ದವು. ಮತ್ತೆ ಕಾಡಿನ ಪೊಟರೆಗಳಿಂದ ಕುಟುಂಬ ಹಿಡಿದು ತಂದು ಒಂದೊಂದೇ ಕಟ್ಟಿದರು. ‘ಕರಿಕೆ ಅಕ್ಕನ ಮಂಡಿಗೆ ಹಚ್ಚಲು ಅಲ್ಲ, ತಿನ್ನಲು ಅಂತ ಹೇಳು’ ಎಂದು ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಕೊಟ್ಟರು.

ನವೆಂಬರ್ 1. ಭಾಗಮಂಡಲ – ಕರಿಕೆ – ಚೆಂಬೇರಿ

ತಲಕಾವೇರಿ ದಾರಿಯಲ್ಲಿ ಸ್ವಲ್ಪ ಮೇಲೆ ಹೋದ ಮೇಲೆ ಕರಿಕೆ ರಸ್ತೆ ಕವಲೊಡೆಯುತ್ತದೆ. ಅಲ್ಲಿಂದ ಬ್ರಹ್ಮಗಿರಿ ಕಾಣಿಸುವಾಗ ಅವ್ವ ಕೈಮುಗಿದಳು, ಮಾತಾಡಲಿಲ್ಲ. 2020ರ ಆಗಸ್ಟ್‌ನಲ್ಲಿ ಆ ಬೆಟ್ಟ ಜರಿದು ಅರ್ಚಕರ ಮನೆಯನ್ನೇ ನುಂಗಿದ್ದು ಇನ್ನೂ ಹಸಿ.

ಕವಲಿನ ಮುಂದೆ ಒಂದು ಏರು. ಆ ಏರಿನ ನೆತ್ತಿಯಲ್ಲಿ ನಾನು ಯಾವಾಗಲೂ ಕಾರು ನಿಲ್ಲಿಸುತ್ತೇನೆ. ಈಚೆ ಬಿದ್ದ ಮಳೆ ಕಾವೇರಿಗೆ ಸೇರಿ, ಸುಮಾರು 800 ಕಿಲೋಮೀಟರ್ ಹರಿದು ಪೂಂಪುಹಾರ್ ಹತ್ತಿರ ಪೂರ್ವದ ಕಡಲು ಸೇರಬೇಕು. ಆಚೆ ಬಿದ್ದದ್ದು ಪಟ್ಟಿಘಾಟ್‌ನ ತೋಡುಗಳಲ್ಲಿ ಇಳಿದು ಚಂದ್ರಗಿರಿ ಹೊಳೆಯಾಗಿ, 100 ಕಿಲೋಮೀಟರ್ ಚಿಲ್ಲರೆಯಲ್ಲಿ ಕಾಸರಗೋಡಿನ ಹತ್ತಿರ ಪಡುವಣ ಕಡಲಿಗೆ. ನಡುವೆ ಇರುವುದು ಈ ದಿಣ್ಣೆ ಮಾತ್ರ. ಗಾಳಿ ಸ್ವಲ್ಪ ಬೀಸಿದರೆ ಒಂದೇ ಮೋಡದ ಹನಿಗಳು ಎರಡು ಕಡಲಿಗೆ ಹಂಚಿಹೋಗುತ್ತವೆ.

ಇಳಿಜಾರು ಶುರುವಾದ ಮೇಲೆ ಕಾಡು. ಮೊಬೈಲ್ ಸಿಗ್ನಲ್ ಹೋಯಿತು. ಒಂದು ತಿರುವಿನಲ್ಲಿ ಆನೆ ಲದ್ದಿ, ಇನ್ನೂ ಹಬೆಯಾಡುತ್ತಿತ್ತು. ಹಾರ್ನ್ ಮಾಡದೆ ಕಿಟಕಿ ಇಳಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟೆವು. ಕೇಳಿದ್ದು ನೀರಿನ ಸದ್ದು, ದೂರದಲ್ಲೊಂದು ಮಂಗಟ್ಟೆ ಹಕ್ಕಿಯ ರೆಕ್ಕೆ ಬಡಿತ. ನವೆಂಬರ್ ಆದರೂ ರಸ್ತೆ ಬದಿಯ ಕಡಿದಾದ ಬರೆಯ ಮೇಲಿಂದ ಅಲ್ಲಲ್ಲಿ ಜಲಧಾರೆ ಇಳಿಯುತ್ತಿತ್ತು. ಜೂನ್, ಜುಲೈಯಲ್ಲಿ ಅವನ್ನು ಎಣಿಸಲು ಆಗುವುದಿಲ್ಲ.

ಅಂಥ ಒಂದು ಧಾರೆಯ ಬುಡದಲ್ಲಿ ರಸ್ತೆ ಕೆಲಸದ ಗ್ಯಾಂಗ್‌ನವರು ಮೂವರಿದ್ದರು. ಅವರಲ್ಲಿ ಹಿರಿಯರಾದ ಒಬ್ಬರು ಮೋರಿಯ ಬಾಯೊಳಗೆ ಸೊಂಟದವರೆಗೆ ಇಳಿದು ಕಸ ತೆಗೆಯುತ್ತಿದ್ದರು. ನಾನು ಇಳಿದು ನೋಡುತ್ತ ನಿಂತೆ. ಮೊದಲು ಕತ್ತಿಯಿಂದ ಅಡ್ಡ ಸಿಕ್ಕಿದ ಬೇರು ಕಡಿದರು. ಆಮೇಲೆ ಕೈಯಲ್ಲೇ ಎಲೆಯ ಗಟ್ಟಿ ಪದರ ಎತ್ತಿದರು, ರೊಟ್ಟಿಯ ಹಾಗೆ ಒಂದರ ಮೇಲೊಂದು ಅಂಟಿಕೊಂಡದ್ದು. ಅದರ ಕೆಳಗೆ ಮರಳು, ಮರಳಿನ ಕೆಳಗೆ ಒಂದು ಕಲ್ಲು. ಕಲ್ಲನ್ನು ಹಾರೆ ಕೊಟ್ಟು ಎಬ್ಬಿಸಿದ ಕೂಡಲೇ ನಿಂತ ನೀರು ಗುಳುಗುಳು ಅಂದು ಒಳಗೆ ಹೋಯಿತು. ರಸ್ತೆಯ ಆಚೆ ಬದಿಗೆ ಹೋಗಿ, ಅದು ಹೊರಗೆ ಬಂದದ್ದನ್ನು ಬಗ್ಗಿ ನೋಡಿ, ಮತ್ತೆ ಬಂದರು.

‘ಇದೊಂದು ಕಟ್ಟಿಕೊಂಡರೆ ಸಾಕು ಮೇಡಂ, ರಸ್ತೆ ಹೋಯಿತು ಅಂತಲೇ’ ಅಂದರು. ಹೇಗೆ ಅಂದರೆ ಕಾಲಿನಿಂದ ಗೆರೆ ಎಳೆದು ತೋರಿಸಿದರು. ಮೋರಿ ಮುಚ್ಚಿದರೆ ಚರಂಡಿ ತುಂಬುತ್ತದೆ. ಚರಂಡಿ ತುಂಬಿದರೆ ನೀರು ಡಾಂಬರಿನ ಮೇಲೆ ಅಡ್ಡ ಹರಿಯುತ್ತದೆ. ಆಚೆ ಅಂಚಿನ ಮಣ್ಣು ಮೆತ್ತಗಾಗಿ ಮೊದಲು ಒಂದು ಬಿರುಕು, ಬೆರಳಿನಷ್ಟು. ಆ ಬಿರುಕಿನಲ್ಲಿ ಇನ್ನೊಂದು ರಾತ್ರಿಯ ಮಳೆ ಇಳಿದರೆ ಅರ್ಧ ರಸ್ತೆ ಕಣಿವೆಗೆ. ಬೆಟ್ಟ ಜರಿಯುವುದನ್ನು ನಾವು ದೊಡ್ಡ ಸುದ್ದಿಯಾಗಿ ಓದುತ್ತೇವೆ. ಈ ರಸ್ತೆಯಲ್ಲಿ ಎಷ್ಟೋ ಸಲ ಅದು ಶುರುವಾಗುವುದು ಒಂದು ಹಿಡಿ ಎಲೆಯಿಂದ.

ಅವ್ವ ಕಾರಿನಿಂದಲೇ ಕೇಳಿದಳು, ‘ಊರು ಯಾವುದಪ್ಪ?’ ಭಾಗಮಂಡಲದ ಹತ್ತಿರದವರಂತೆ. ನಾವು ಕಾಞಂಗಾಡ್‌ಗೆ ಹೋಗಿ ಬರುತ್ತೇವೆಂದು ತಿಳಿದು ಅವರು ಸ್ವಲ್ಪ ತಡೆದು ಹೇಳಿದರು: ‘ಬರುವಾಗ ಒಣ ಸಿಗಡಿ ಸಿಕ್ಕಿದರೆ ಒಂದು ಕಾಲು ಕಿಲೋ ತರುತ್ತೀರಾ? ದುಡ್ಡು ಈಗಲೇ ಕೊಡುತ್ತೇನೆ. ಅಲ್ಲಿಯದಕ್ಕೆ ಮರಳಿರುವುದಿಲ್ಲ.’ ದುಡ್ಡು ಬೇಡ ಅಂದೆವು. ಶುಕ್ರವಾರ ಇದೇ ಹೊತ್ತಿಗೆ ಇಲ್ಲೇ ಇರುತ್ತೇನೆ ಅಂದರು.

ಇಳಿಯುತ್ತ ಇಳಿಯುತ್ತ ಅವ್ವ ಮೊದಲು ಶಾಲು ತೆಗೆದಳು, ಆಮೇಲೆ ಸ್ವೆಟರ್. ಕಿವಿ ಟಪ್ ಅಂದಿತು. ಕಾಫಿ ಮುಗಿದು ಅಡಕೆ, ತೆಂಗು, ಗೇರು, ರಬ್ಬರ್ ಶುರುವಾದವು. ಒಂದೇ ಜಿಲ್ಲೆ, ಒಂದೇ ತಾಲ್ಲೂಕು. ಆದರೆ ಬೆಳಿಗ್ಗೆ ಬಾಯಲ್ಲಿ ಹಬೆ ಬರುತ್ತಿದ್ದ ಊರಿನಿಂದ ಬೆವರುವ ಊರಿಗೆ ಎರಡು ಗಂಟೆಯಲ್ಲಿ ಬಂದಿದ್ದೆವು.

ಕರಿಕೆಯ ಶಾಲೆಯಲ್ಲಿ ರಾಜ್ಯೋತ್ಸವ ಆಗಷ್ಟೇ ಮುಗಿದಿತ್ತು. ಕೆಂಪು ಹಳದಿ ಬಾವುಟ ಹಿಡಿದ ಮಕ್ಕಳು ಲಾಡು ತಿನ್ನುತ್ತ ರಸ್ತೆ ಬದಿಯಲ್ಲಿ ನಡೆದು ಬರುತ್ತಿದ್ದರು. ಅಂಗಡಿಯ ಮುಂದೆ ನಿಂತ ಹತ್ತು ನಿಮಿಷದಲ್ಲಿ ಅರೆಭಾಷೆ, ಮಲಯಾಳ, ತುಳು, ಮರಾಠಿ ನಾಯ್ಕರ ಮರಾಟಿ, ಕನ್ನಡ ಐದೂ ಕಿವಿಗೆ ಬಿದ್ದವು. ಅಂಗಡಿಯವರು ಎಲ್ಲರಿಗೂ ಅವರವರದೇ ಮಾತಿನಲ್ಲಿ ಚಿಲ್ಲರೆ ಎಣಿಸಿ ಕೊಟ್ಟರು.

ಅತ್ತೆ ಜಗಲಿಯಲ್ಲೇ ಕಾಯುತ್ತಿದ್ದರು. ‘ಬಂದಿರಾ? ಬನ್ನಿ, ಕುದ್ರಿ. ಗೂಡೆ, ಎಷ್ಟು ಸೊರಗಿದ್ದೀ!’ ನನಗೆ 48 ಆದರೂ ಅವರಿಗೆ ನಾನು ಗೂಡೆಯೇ, ಅಂದರೆ ಹುಡುಗಿಯೇ. ಅವ್ವ ಮತ್ತು ಅತ್ತೆ ಒಬ್ಬರ ಕೈ ಒಬ್ಬರು ಹಿಡಿದು ಸುಮಾರು ಹೊತ್ತು ಸುಮ್ಮನೆ ಕುಳಿತರು. ನಾಲ್ಕು ವರ್ಷವಾಗಿತ್ತು. ಅತ್ತೆಯ ಮಂಡಿ ಆ ತಿರುವುಗಳನ್ನು ತಡೆಯುವುದಿಲ್ಲ, ಅವ್ವನನ್ನು ಕರೆದು ತರಲು ನನಗೆ ಪುರುಸೊತ್ತಾಗಿರಲಿಲ್ಲ. ಎರಡನೆಯ ಕಾರಣ ನನ್ನ ತಪ್ಪು. ಇಲ್ಲಿ ಬರೆದಿಡುತ್ತೇನೆ.

ಊಟದ ಮೇಲೆ ಅತ್ತೆ ಗಡಿಯ ಕಥೆ ಹೇಳಿದರು. ಅವರು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ, 1956ರ ಇದೇ ನವೆಂಬರ್ 1ಕ್ಕೆ, ಕೊಡಗು ಅನ್ನುವ ಪುಟ್ಟ ರಾಜ್ಯ ಮೈಸೂರಿಗೆ ಸೇರಿತು. ಅದೇ ದಿನ, ಅದುವರೆಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಹೋಯಿತು. ‘ನಾನು ಮದುವೆಯಾಗಿ ಇಲ್ಲಿಗೆ ಬಂದಾಗಲೂ ಸಂತೆಗೆ ಪಾಣತ್ತೂರಿಗೇ ಹೋಗುತ್ತಿದ್ದದ್ದು. ಗೆರೆ ಎಲ್ಲಿದೆ ಅಂತ ಯಾರಿಗೆ ಗೊತ್ತಿತ್ತು?’

ಗೆರೆ ಗೊತ್ತಾದದ್ದು 2020ರಲ್ಲಿ. ಕೊರೊನಾ ಬಂದು ಗಡಿ ಮುಚ್ಚಿದಾಗ ಅತ್ತೆಯ ಮಗನಿಗೆ, ಅಂದರೆ ನನ್ನ ಬಾವನಿಗೆ, ಇನ್ಸುಲಿನ್ ಮುಗಿದಿತ್ತು. ಯಾವಾಗಲೂ ತರುತ್ತಿದ್ದ ಔಷಧಿ ಅಂಗಡಿ ಕೆಲವೇ ಕಿಲೋಮೀಟರ್ ಆಚೆ, ಆದರೆ ಗಡಿಯ ಆಚೆ. ಕೊನೆಗೆ ನಾನು ಮಡಿಕೇರಿಯಲ್ಲಿ ಕೊಂಡು, ಪಾಸು ಮಾಡಿಸಿಕೊಂಡ ಒಂದು ತರಕಾರಿ ಜೀಪಿನಲ್ಲಿ ಐಸ್ ಇಟ್ಟ ಡಬ್ಬಿಯೊಳಗೆ ಕಳಿಸಿದೆ. ಘಾಟಿ ಇಳಿದು ಅದು ತಲುಪಿದ ಸುದ್ದಿ ಬರುವವರೆಗೆ ಇಡೀ ದಿನ ಒಂದು ತುತ್ತು ಇಳಿಯಲಿಲ್ಲ. ಆ ವಾರ ಈ ರಸ್ತೆಯ ಪ್ರತಿ ಮೋರಿಯೂ ನನ್ನ ಎದೆಯಲ್ಲಿತ್ತು.

ಸಂಜೆ ಬಾಣಂತಿಗೆ ಏಲಕ್ಕಿ ಕೊಡಲು ಚೆಂಬೇರಿಗೆ ಹೋದೆವು. ಪಾಣತ್ತೂರಿನ ಕಡೆಯಿಂದ ಶಾಲೆ ಬಿಟ್ಟ ಹೆಣ್ಣುಮಕ್ಕಳು ಬಂಗಾರದ ಅಂಚಿನ ಬಿಳಿ ಸೀರೆ ಉಟ್ಟು ಬರುತ್ತಿದ್ದರು, ಆಚೆ ಅದೇ ದಿನ ಕೇರಳದ ಹುಟ್ಟುಹಬ್ಬ. ಬೆಳಿಗ್ಗೆ ಈಚೆ ಕೆಂಪು ಹಳದಿ, ಸಂಜೆ ಆಚೆ ಬಿಳಿ ಬಂಗಾರ. ಬಾಣಂತಿಯ ಮನೆಯಂಗಳದಲ್ಲಿ ಎರಡೂ ಬಗೆಯ ಮಕ್ಕಳು ಸೇರಿ ತೊಟ್ಟಿಲಿಗೆ ಇಣುಕುತ್ತಿದ್ದರು.

ನವೆಂಬರ್ 2. ಕರಿಕೆ – ಪಾಣತ್ತೂರು – ರಾಜಪುರಂ – ಕಾಞಂಗಾಡ್

ಬೆಳಕು ಹರಿಯುವ ಮುಂಚೆ ಅತ್ತೆಯ ಮೊಮ್ಮಗ ತಲೆಗೆ ಟಾರ್ಚು ಕಟ್ಟಿ ರಬ್ಬರ್ ತೋಟಕ್ಕೆ ಹೊರಟ. ನಾನೂ ಹಿಂದೆ ಹೋದೆ. ಹಳದಿ ಎಲೆ ರೋಗ ಬಂದು ಅಡಕೆ ಹೋದ ಮೇಲೆ ಅವರು ನೆಟ್ಟ ಮರಗಳಿವು. ನಿನ್ನೆ ಮೊನ್ನೆಯ ಗಾಯದ ಮೇಲೆ ಒಣಗಿದ ಎಳೆಯನ್ನು ಮೊದಲು ಕಿತ್ತು ಚೀಲಕ್ಕೆ ಹಾಕಿದ. ಆಮೇಲೆ ಬಾಗಿದ ಕತ್ತಿಯಿಂದ ತೊಗಟೆಯ ತೀರಾ ತೆಳುವಾದ ಪಟ್ಟಿಯೊಂದನ್ನು ಓರೆಯಾಗಿ ಸೀಳಿಕೊಂಡು ಬಂದ. ಹಾಲು ಒಂದು ಕ್ಷಣ ತಡೆದು, ಚುಕ್ಕೆ ಚುಕ್ಕೆಯಾಗಿ ಮೂಡಿ, ಗೆರೆಯಾಗಿ ಹರಿದು ಗೆರಟೆಗೆ ತೊಟ್ಟಿಕ್ಕಿತು. ‘ಆಳ ಹೋದರೆ ಮರಕ್ಕೆ ಗಾಯ, ಮೇಲೆ ಹೋದರೆ ಹಾಲಿಲ್ಲ’ ಅಂದ. ಬಿಸಿಲೇರಿದರೆ ಹರಿವು ನಿಲ್ಲುತ್ತದೆ, ಅದಕ್ಕೇ ಈ ಹೊತ್ತು. ಇಂದು ಸೀಳಿದ ಮರಕ್ಕೆ ನಾಳೆ ರಜೆ. ಅವನ ಕೈಯ ಅಳತೆ ನೋಡಿ ನನಗೆ ನಿನ್ನೆ ಮೋರಿಯಲ್ಲಿದ್ದವರ ನೆನಪಾಯಿತು.

ಅತ್ತೆ ಬರಲಿಲ್ಲ. ‘ನೀನು ನೋಡಿಬಂದು ನನಗೆ ಹೇಳು’ ಎಂದು ಅವ್ವನಿಗೆ ಹೇಳಿ, ಕಾಞಂಗಾಡ್‌ನಲ್ಲಿ ಕೆಲಸಕ್ಕಿರುವ ಇನ್ನೊಬ್ಬ ಮೊಮ್ಮಗನಿಗೆ ಅಂತ ಹಲಸಿನ ಹಪ್ಪಳದ ಕಟ್ಟು, ಉಪ್ಪಿನಕಾಯಿ ಕೊಟ್ಟು ಕಳಿಸಿದರು.

ಪಾಣತ್ತೂರಿನಲ್ಲಿ ಸುಳ್ಯದ ದಾರಿ ಬಂದು ಸೇರುತ್ತದೆ. 2021ರ ಜನವರಿಯಲ್ಲಿ ಪುತ್ತೂರು ಕಡೆಯಿಂದ ಕರಿಕೆಗೆ ಬರುತ್ತಿದ್ದ ಮದುವೆ ದಿಬ್ಬಣದ ಬಸ್ಸು ಆ ದಾರಿಯ ಪರಿಯಾರಂ ಇಳಿಜಾರಿನಲ್ಲಿ ಉರುಳಿ 7 ಜನ ತೀರಿಕೊಂಡರು. ಕರಿಕೆಯಲ್ಲಿ ಊಟಕ್ಕೆ ಎಲೆ ಹಾಕಿ ಕಾದಿದ್ದರು ಎಂದು ಅತ್ತೆ ಹೇಳುವಾಗ ಈಗಲೂ ದನಿ ನಡುಗುತ್ತದೆ. ಹೆಣ್ಣು ಕೊಟ್ಟು ತರುವ ಊರುಗಳು ಹೀಗೆ ಹಬ್ಬಿಕೊಂಡಿರುವಾಗ ರಸ್ತೆಯ ಒಂದು ತಿರುವು ಯಾರದೋ ಇಲಾಖೆಯ ಲೆಕ್ಕ ಮಾತ್ರ ಆಗುವುದಿಲ್ಲ.

ಇಲ್ಲಿಂದ ಕಾಞಂಗಾಡ್‌ಗೆ 40 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಅವ್ವನಿಗೆ ಎಲ್ಲ ಹೊಸದು. ಅವಳು ಪ್ರತಿ ಬೋರ್ಡನ್ನೂ ನನ್ನಿಂದ ಓದಿಸಿದಳು: ಬಳಾಂತೋಡ್, ಕೋಳಿಚ್ಚಾಲ್, ಮಾಲಕ್ಕಲ್ಲು, ಕಳ್ಳಾರ್. ರಾಜಪುರಂನಲ್ಲಿ ಇಗರ್ಜಿಯ ಹತ್ತಿರ ಚಹಾಕ್ಕೆ ನಿಂತೆವು. 1943ರಲ್ಲಿ ತಿರುವಾಂಕೂರಿನ ಕಡೆಯಿಂದ ಕ್ನಾನಾಯ ಕ್ರೈಸ್ತರು ಭೂಮಿ ಹುಡುಕಿ ಬಂದು ಕಾಡು ಕಡಿದು ನೆಲೆಸಿದ ಊರಿದು. ಹೋಟೆಲಿನ ಅಮ್ಮ ತಮ್ಮ ಅಜ್ಜಿಯ ಕಾಲದ ಮಲೇರಿಯಾದ ಕಥೆಯನ್ನು ಮಲಯಾಳದಲ್ಲಿ ಹೇಳಿದರು, ಅವ್ವ ಅರೆಭಾಷೆಯಲ್ಲಿ ಉತ್ತರಿಸಿದಳು, ಇಬ್ಬರಿಗೂ ಅರ್ಥವಾಯಿತು.

ಮೀನು ಸಾರು ಕುದಿಯುತ್ತಿತ್ತು. ಅವ್ವ ಎದ್ದು ಹೋಗಿ ಮಡಕೆಯೊಳಗೆ ನೋಡಿದಳು. ಕಪ್ಪಗೆ ಚರ್ಮದ ಚೂರಿನ ಹಾಗೆ ಏನೋ ತೇಲುತ್ತಿತ್ತು. ಕುಡಂಪುಳಿ. ಹೋಟೆಲಿನ ಅಮ್ಮ ಡಬ್ಬಿ ತೆಗೆದು ಒಂದು ಒಣ ಚೂರನ್ನು ಅವ್ವನ ಅಂಗೈಗೆ ಇಟ್ಟರು. ಅವ್ವ ಮೂಸಿದಳು, ಅಂಚು ಚೂರು ಕಚ್ಚಿದಳು, ಕಣ್ಣು ಮುಚ್ಚಿದಳು. ‘ಇದು ನಮ್ಮ ಪಣಪುಳಿಯಲ್ಲವಾ!’ ಹೌದು, ಅದೇ ಹಣ್ಣು. ಕುಂಬಳದ ಹಾಗೆ ಹೋಳು ಗೆರೆಗಳಿರುವ, ಮಳೆಗಾಲದಲ್ಲಿ ಹಳದಿಯಾಗಿ ಉದುರುವ ಹಣ್ಣು. ಕೆಳಗಿನವರು ಸಿಪ್ಪೆಯನ್ನು ಹೊಗೆಗೆ ಒಣಗಿಸಿಡುತ್ತಾರೆ. ಮೇಲೆ ನಾವು ಬುಟ್ಟಿಯಲ್ಲಿ ಕೊಳೆಹಾಕಿ, ಇಳಿದ ರಸವನ್ನು ಕಾಕಂಬಿಯಷ್ಟು ಕಪ್ಪಾಗುವ ತನಕ ಕುದಿಸಿ ಕಾಚಂಪುಳಿ ಮಾಡುತ್ತೇವೆ. ಅವರಿಗೆ ಬಿಸಿಲೂ ಹೊಗೆಯೂ ಇತ್ತು, ಮಳೆಗಾಲ ಪೂರ್ತಿ ನಮ್ಮಲ್ಲಿ ಒಣಗಿಸಲು ಬಿಸಿಲೆಲ್ಲಿ? ಬೆಂಕಿ ಮಾತ್ರ. ಅವ್ವ ಕಾರಿಗೆ ಹೋಗಿ, ಕಾಲ ಬಳಿ ಕಾಪಾಡಿಕೊಂಡು ಬಂದಿದ್ದ ಎರಡರಲ್ಲಿ ಒಂದು ಬಾಟಲಿ ತಂದು ಅವರ ಕೈಗಿತ್ತಳು. ಬದಲಿಗೆ ಅರ್ಧ ಡಬ್ಬಿ ಕುಡಂಪುಳಿ ಬಂತು. ನಾನು ಕೊಟ್ಟ ಚಹಾದ ದುಡ್ಡನ್ನು ಆ ಅಮ್ಮ ತೆಗೆದುಕೊಳ್ಳಲೇ ಇಲ್ಲ.

ಓಡಯಂಚಾಲ್, ಅಂಬಲತ್ತರ ಕಳೆದು ಮಾವುಂಗಾಲ್‌ನಲ್ಲಿ ದೊಡ್ಡ ಹೆದ್ದಾರಿ ಅಡ್ಡ ಬಂತು. ಅಷ್ಟು ಅಗಲದ ರಸ್ತೆ ಕಂಡ ಕೂಡಲೇ ನಮ್ಮದು ಸಣ್ಣದಾಗಿ ಹೋಯಿತು ಅನ್ನಿಸಿತು. ಪೇಟೆಯಲ್ಲಿ ಹೊಸದುರ್ಗದ ಕೋಟೆಯ ಗೋಡೆಗಳ ಬಳಿ ಹೋದೆವು. ಕೆಳದಿಯ ಸೋಮಶೇಖರ ನಾಯಕ ಕಟ್ಟಿಸಿದ್ದು. ಮಲಯಾಳದ ನಡುವೆ ಇಂದಿಗೂ ತಾಲ್ಲೂಕಿನ ಹೆಸರು ‘ಹೊಸ ದುರ್ಗ’ ಎಂಬ ಕನ್ನಡದ ಗುರುತಿನದ್ದೇ.

ಕಡಲ ಕಡೆಗೆ ಹೋದಾಗ ಐದು ಗಂಟೆ. ರೈಲು ಹಳಿ ದಾಟಿ, ತೆಂಗಿನ ತೋಟಗಳ ನಡುವೆ ಕಿರಿದಾಗುತ್ತ ಹೋದ ಡಾಂಬರು ಮರಳಿನಲ್ಲಿ ಕರಗಿತು. ಅವ್ವ ಚಪ್ಪಲಿ ಬಿಚ್ಚಲಿಲ್ಲ, ನೀರಿಗೂ ಇಳಿಯಲಿಲ್ಲ. ಡಾಂಬರು ಮುಗಿದ ಜಾಗದಲ್ಲೇ ನಿಂತು, ಹಿಂದೆ ತಿರುಗಿ ಬಂದ ದಾರಿಯನ್ನೊಮ್ಮೆ ನೋಡಿದಳು, ಮುಂದೆ ಕಡಲನ್ನು ನೋಡಿದಳು. ‘ನಮ್ಮ ಘಾಟಿಯ ತೋಡಿನ ನೀರು ಇಲ್ಲಿಗೇ ಬರುತ್ತದಾ?’ ಇಲ್ಲ ಅವ್ವ, ಅದು ಇನ್ನೂ ಬಡಗಲಿಗೆ, ಕಾಸರಗೋಡಿನ ಹತ್ತಿರ ಸೇರುತ್ತದೆ ಅಂದೆ. ‘ರಸ್ತೆ ಮಾತ್ರ ಇಲ್ಲಿಗೆ ಬಂತು ಅನ್ನು’ ಅಂದಳು. ದೋಣಿಗಳ ಬಳಿ ಬುಟ್ಟಿ ತುಂಬ ಮತ್ತಿ ಮೀನು. ನಮ್ಮ ಊರಿನಲ್ಲಿ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿ ‘ಮತ್ತೀ’ ಎಂದು ಕೂಗುತ್ತ ಬರುವ ಅದೇ ಮೀನು, ಅದೇ ಹೆಸರು. ಮಂಗಳೂರಿಗೆ ಹೋದರೆ ಇದು ಬೂತಾಯಿ.

ರಾತ್ರಿ ಮೊಮ್ಮಗನ ಬಾಡಿಗೆ ಮನೆಯಲ್ಲಿ ಊಟ ಮಾಡುವಾಗ ದೂರದಿಂದ ಚೆಂಡೆ ಕೇಳಿಸಿತು. ತುಲಾ ಮಾಸದ ಹತ್ತನೆಯ ದಿನದಿಂದ ಇಲ್ಲಿ ತೆಯ್ಯಂ ಎಂಬ ದೈವ ಕುಣಿತದ ಕಾಲ. ಅದೇ ತುಲಾ ಮಾಸದ ಮೊದಲ ದಿನ ಮೇಲೆ ನಮ್ಮಲ್ಲಿ ತೀರ್ಥೋದ್ಭವ. ಸೂರ್ಯನನ್ನು ನೋಡಿ ತಿಂಗಳೆಣಿಸುವ ಲೆಕ್ಕ ಎರಡೂ ಕಡೆ ಒಂದೇ. ನಡೆದುಕೊಂಡೇ ಹೋದೆವು. ಒಂದು ಮನೆತನದ ಕಾವಿನಲ್ಲಿ, ಅಂದರೆ ದೈವದ ಬನದಲ್ಲಿ, ಎಳೆ ತೆಂಗಿನ ಗರಿಯ ಉಡುಪಿನ ವಿಷ್ಣುಮೂರ್ತಿ ತೆಯ್ಯಂ. ಕೆಂಡದ ರಾಶಿಯ ಬೆಳಕಿನಲ್ಲಿ ಅವ್ವ ಮುಂದೆ ಹೋಗಿ ಕೈಯೊಡ್ಡಿ ನಿಂತಳು. ಕೊಡಗಿನಲ್ಲಿ ಇದನ್ನೇ ನಾವು ತೆರೆ ಅನ್ನುತ್ತೇವೆ. ಚಿಕ್ಕಂದಿನಿಂದ ನೋಡಿದ ದೈವವನ್ನು ಅದರ ತವರಿನಲ್ಲಿ ನೋಡಿದ ಹಾಗಾಯಿತು ಅವಳಿಗೆ. ದೈವ ಅವಳ ಕೈಹಿಡಿದು ಮಲಯಾಳದಲ್ಲಿ ಏನೋ ನುಡಿಯಿತು. ಏನೆಂದು ನಾನು ಕೇಳಲಿಲ್ಲ.

ಆ ರಾತ್ರಿ ಜೋರು ಮಳೆ.

ನವೆಂಬರ್ 3. ಮರಳಿ

ಬೆಳಿಗ್ಗೆ ಮಾರುಕಟ್ಟೆಯಲ್ಲಿ ಒಣ ಸಿಗಡಿ ಕೊಂಡೆವು. ಅವ್ವ ಒಂದು ಹಿಡಿ ಬಾಯಿಗೆ ಹಾಕಿ ಅಗಿದು, ಮರಳಿಲ್ಲ ಅಂತ ಖಾತರಿ ಮಾಡಿಕೊಂಡ ಮೇಲೆ ಕಾಲು ಕಿಲೋದ ನಾಲ್ಕು ಕಟ್ಟು ಕಟ್ಟಿಸಿದಳು. ಡಿಕ್ಕಿ ಮತ್ತೆ ತುಂಬಿತು: ತೆಂಗಿನೆಣ್ಣೆಯ ಡಬ್ಬ, ಮೊಮ್ಮಗ ಅಜ್ಜಿಗೆ ಕಳಿಸಿದ ಮಂಡಿ ಪಟ್ಟಿ, ಚೆಂಬೇರಿಯ ಬಾಣಂತಿಯಿಂದ ತವರಿಗೆ ಮಗುವಿನ ಫೋಟೋ, ಒಂದು ಗೊನೆ ನೇಂದ್ರ ಬಾಳೆ. ಕರಿಕೆಯಲ್ಲಿ ಅತ್ತೆಗೆ ಅವ್ವ ಎಲ್ಲವನ್ನೂ ಹೇಳಿದಳು, ಕಡಲಿಗಿಂತ ಕುಡಂಪುಳಿಯ ಕಥೆಯೇ ದೊಡ್ಡದಾಯಿತು. ಹೊರಡುವಾಗ ಅತ್ತೆ ಗೇಟಿನವರೆಗೆ ಕೋಲೂರಿ ಬಂದರು. ‘ಹುತ್ತರಿಗೆ ನಾನೇ ಬರುತ್ತೇನೆ. ಮಂಡಿ ಏನಾದರೂ ಆಗಲಿ.’ ನಾನೇ ಬಂದು ಕರೆದೊಯ್ಯುತ್ತೇನೆ ಅಂದೆ. ದಿನವನ್ನೂ ಹೇಳಿದೆ, ಆಮೇಲೆ ಪುರುಸೊತ್ತಿಲ್ಲ ಅನ್ನಲು ಬಾರದಂತೆ.

ಘಾಟಿ ಹತ್ತುವಾಗ ರಾತ್ರಿಯ ಮಳೆಯ ಗುರುತು ಎಲ್ಲೆಡೆ. ಒಂದು ಕಡೆ ಬರೆ ಜರಿದು ಅರ್ಧ ರಸ್ತೆಗೆ ಮಣ್ಣು ಬಿದ್ದಿತ್ತು, ಯಾರೋ ಆಗಲೇ ಒಂದು ಗಾಡಿ ಹೋಗುವಷ್ಟು ಬಿಡಿಸಿದ್ದರು. ಇನ್ನೊಂದು ತಿರುವಿನಲ್ಲಿ ಬಿದ್ದ ಮರವನ್ನು ಕಡಿದು ಬದಿಗೆ ಸರಿಸಿದ್ದರು, ಕೊಯ್ದ ಮರದ ಹಸಿ ವಾಸನೆ ಇನ್ನೂ ಇತ್ತು. ಅವ್ವ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಮುಂದಕ್ಕೆ ಬಾಗಿ ಕುಳಿತಿದ್ದಳು.

ಆ ಮೋರಿಯ ಹತ್ತಿರ ಅವರಿದ್ದರು. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಮೊಣಕಾಲವರೆಗೆ ಕೆಸರು. ರಾತ್ರಿ ಎರಡಕ್ಕೇ ಎದ್ದು ಬಂದೆವು ಅಂದರು. ಮೇಲಿನಿಂದ ಧಾರೆ ಮೊನ್ನೆಗಿಂತ ನಾಲ್ಕು ಪಟ್ಟು ದಪ್ಪವಾಗಿ ಇಳಿದು, ನೇರ ಮೋರಿಯೊಳಗೆ ನುಗ್ಗಿ, ಆಚೆ ಬದಿಯಲ್ಲಿ ಬಿಳಿಯಾಗಿ ಹೊರಬರುತ್ತಿತ್ತು. ಡಾಂಬರಿನ ಮೇಲೆ ಒಂದು ಹನಿ ಅಡ್ಡ ಹರಿದಿರಲಿಲ್ಲ.

ಅವ್ವ ಕಿಟಕಿಯಿಂದ ಕಟ್ಟು ಚಾಚಿದಳು. ಅವರು ಕೈಯನ್ನು ಧಾರೆಯಲ್ಲಿ ತೊಳೆದು, ಅಂಗಿಗೆ ಒರೆಸಿಕೊಂಡು ತೆಗೆದುಕೊಂಡರು. ಕಾಗದದ ಮೇಲಿಂದಲೇ ಮೂಸಿ ನೋಡಿ ನಕ್ಕರು. ಮರದ ಕೊಂಬೆಗೆ ತೂಗುಹಾಕಿದ್ದ ಬುತ್ತಿ ಚೀಲದೊಳಗೆ ಅದನ್ನು ಇಟ್ಟು, ಗುದ್ದಲಿ ಎತ್ತಿಕೊಂಡು, ಮುಂದಿನ ಮೋರಿಯ ಕಡೆಗೆ ನಡೆದರು.